ಐವತ್ತೆಂಟನೆಯ ಸಾಲು

ಕಳೆದ ತಿಂಗಳು ಚಿಕ್ಕನಾಯಕನಹಳ್ಳಿಯಲ್ಲಿ ತಂಗಿಯ ಮಗಳ ಗೃಹಪ್ರವೇಶಕ್ಕೆ ಹೊರಟಿದ್ದೆ. ತಿಪಟೂರಿನಲ್ಲಿ ಬಸ್ಸು ಬದಲಾಯಿಸಬೇಕಿತ್ತು, ಮುಂದಿನ ಬಸ್ಸಿಗೆ ಮುಕ್ಕಾಲು ಗಂಟೆ ಇತ್ತು. ಕಾಫಿ ಕುಡಿಯೋಣವೆಂದು ರಸ್ತೆ ದಾಟಿದರೆ ಎದುರಿಗೆ ಲಾರಿಗೆ ಕೊಬ್ಬರಿ ಚೀಲ ಏರಿಸುತ್ತಿದ್ದರು. ಬಿಸಿಲಿಗೆ ಕಾದ ಗೋಣಿಯ ಧೂಳು, ಅದರ ಹಿಂದೆಯೇ ಒಣಕೊಬ್ಬರಿಯ ಎಣ್ಣೆ ಎಣ್ಣೆಯಾದ ಸಿಹಿ ವಾಸನೆ. ಕಾಫಿಯ ಲೋಟ ಕೈಯಲ್ಲಿ ಆರುತ್ತಲೇ ಇತ್ತು. ನಾನು ಮಾತ್ರ ಗೌರಮ್ಮನವರ ಅಟ್ಟದ ಏಣಿಯ ಕೆಳಗೆ ನಿಂತಿದ್ದೆ.

ಎಂಬತ್ತರ ದಶಕದ ಕೊನೆಯ ವರ್ಷಗಳಲ್ಲಿ ಒಂದು ಅದು. ನಾನು ತುರುವೇಕೆರೆಯವಳು, ತಿಪಟೂರಿನ ಒಂದು ಕಾಲೇಜಿನಲ್ಲಿ ಗಣಿತ ಕಲಿಸುತ್ತಿದ್ದೆ. ದಿನಾ ಬಸ್ಸಿನಲ್ಲಿ ನೇತಾಡಿಕೊಂಡು ಬರಲಾರದೆ ಗೌರಮ್ಮನವರ ಮನೆಯ ಮುಂದಿನ ಕೋಣೆಯಲ್ಲಿ ಬಾಡಿಗೆಗಿದ್ದೆ. ಅವರಿಗೆ ಊರಾಚೆ ತೆಂಗಿನ ತೋಟ. ನನ್ನನ್ನು ‘ಮೇಡಮ್ಮ’ ಎಂದು ಕರೆಯುತ್ತಿದ್ದರು. ಬೆಳಿಗ್ಗೆ ಒಂದು ಲೋಟ ಮಜ್ಜಿಗೆ, ಸಂಜೆ ಒಂದಿಷ್ಟು ಮಾತು, ಇವೆರಡೂ ಬಾಡಿಗೆಯೊಳಗೇ ಸೇರಿದ್ದವು.

ಆ ವರ್ಷವೇ ನಮ್ಮ ಕಾಲೇಜಿಗೆ ಕಂಪ್ಯೂಟರ್ ಬಂದದ್ದು. ಪ್ರಯೋಗಾಲಯದ ಪಕ್ಕದ ಕೋಣೆಗೆ ಕೆಂಪು ಪರದೆ ಕಟ್ಟಿ, ನೆಲಕ್ಕೆ ಚಾಪೆ ಹಾಸಿ, ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗಬೇಕೆಂದು ಪ್ರಾಂಶುಪಾಲರು ಬೋರ್ಡು ಹಾಕಿಸಿದರು. ಆರು ವಾರದ ತರಬೇತಿಗೆ ಹೋಗಿ ಬಂದಿದ್ದವಳು ನಾನೊಬ್ಬಳೇ. ಹಾಗಾಗಿ ಅದು ನನ್ನ ಪಾಲಿಗೆ ಬಂತು. ಬಂದ ಮೇಲೆ ಅದಕ್ಕೆ ಕೆಲಸ ಬೇಕಲ್ಲ. ಪ್ರತಿ ವರ್ಷ ಫೆಬ್ರವರಿ ಕೊನೆಯಲ್ಲಿ ಅಂತಿಮ ವರ್ಷದವರ ಹಾಜರಿ ಪಟ್ಟಿ ಮಾಡಿ ವಿಶ್ವವಿದ್ಯಾಲಯಕ್ಕೆ ಕಳಿಸಬೇಕಿತ್ತು. ಅದನ್ನು ನೋಡಿಯೇ ಅವರು ಹಾಲ್ ಟಿಕೆಟ್ ಕೊಡುತ್ತಿದ್ದದ್ದು. ಗುಮಾಸ್ತ ರುದ್ರಪ್ಪನವರು ನಾಲ್ಕು ದಿನ ಟೈಪ್ ಹೊಡೆದು ಬೆರಳು ಊದಿಸಿಕೊಳ್ಳುತ್ತಿದ್ದ ಆ ಪಟ್ಟಿಯನ್ನು ಈ ಸಲ ಕಂಪ್ಯೂಟರಿನಲ್ಲಿ ತೆಗೆಯುವುದೆಂದಾಯಿತು.

ನಾನು ಪ್ರೋಗ್ರಾಂ ಬರೆದದ್ದು ಸಿ ಎಂಬ ಭಾಷೆಯಲ್ಲಿ. ಅದರಲ್ಲಿ ಅಚ್ಚು ಹಾಕಿಸುವ ಕ್ರಮ ನಮ್ಮ ಅರ್ಜಿ ನಮೂನೆಗಳ ಹಾಗೆಯೇ. ಮೊದಲು ಒಂದು ಮಾದರಿ ಸಾಲು ಕೊಡಬೇಕು. ಅದರಲ್ಲಿ ಎಲ್ಲೆಲ್ಲಿ ತುಂಬಬೇಕೋ ಅಲ್ಲಲ್ಲಿ ಶೇಕಡಾ ಚಿಹ್ನೆ ಹಾಕಿ ಪಕ್ಕಕ್ಕೊಂದು ಅಕ್ಷರ ಬರೆಯಬೇಕು. %d ಎಂದರೆ ಇಲ್ಲಿ ಸಂಖ್ಯೆ ಬರಲಿ, %s ಎಂದರೆ ಹೆಸರೋ ಮಾತೋ ಬರಲಿ, %c ಎಂದರೆ ಒಂದೇ ಒಂದು ಅಕ್ಷರ ಬರಲಿ. ಆಮೇಲೆ ತುಂಬಬೇಕಾದದ್ದನ್ನು ಸಾಲಾಗಿ ಕೊಟ್ಟರೆ ಯಂತ್ರ ಒಂದೊಂದನ್ನೇ ಎತ್ತಿ ಒಂದೊಂದು ಜಾಗಕ್ಕೆ ಇಡುತ್ತಾ ಹೋಗುತ್ತದೆ. ಜಾಗ ಎಷ್ಟು, ಕೊಟ್ಟದ್ದೆಷ್ಟು ಎಂದು ಅದು ತಾಳೆ ನೋಡುವುದಿಲ್ಲ. ಬರೆದವಳು ಸರಿಯಾಗಿಯೇ ಬರೆದಿರುತ್ತಾಳೆ ಎಂದು ನಂಬುತ್ತದೆ. ಇಷ್ಟು ನಂಬುವವರನ್ನು ನಾನು ಮನುಷ್ಯರಲ್ಲಿ ಕಂಡಿಲ್ಲ.

ನನ್ನ ಪಟ್ಟಿಯ ಒಂದೊಂದು ಸಾಲಿನಲ್ಲೂ ಕ್ರಮಸಂಖ್ಯೆಯ ಪಕ್ಕ ವಿದ್ಯಾರ್ಥಿಯ ಹೆಸರು, ಒಂದು ಷರಾ, ನಡೆದ ತರಗತಿಗಳು, ಹಾಜರಾದ ತರಗತಿಗಳು ಇರಬೇಕಿತ್ತು. ಷರಾ ಎಲ್ಲರಿಗೂ ಇರಲಿಲ್ಲ. ಕ್ರೀಡೆ, ಶಿಬಿರ, ಕಾಯಿಲೆ ಹೀಗೆ ಹತ್ತಿಪ್ಪತ್ತು ಜನಕ್ಕೆ. ಅದಕ್ಕೆಂದು ಬೇರೆ ಜಾಗ ಬಿಡುವ ಬದಲು ಷರಾದ ಮಾತುಗಳನ್ನು ಮಾದರಿ ಸಾಲಿನೊಳಕ್ಕೇ ಹೊಲಿದುಬಿಟ್ಟೆ. ಎರಡು ಸಾಲು ಬರೆಯುವ ಶ್ರಮ ಉಳಿಯಿತು. ಪರೀಕ್ಷಿಸಿ ನೋಡಿದೆ, ಚೆನ್ನಾಗಿಯೇ ಬಂತು.

ಈಗ ಗಿರಿಜೆಯ ವಿಷಯ. ಹಾಲ್ಕುರಿಕೆಯ ಹುಡುಗಿ, ಬಿ.ಎಸ್ಸಿ. ಕೊನೆಯ ವರ್ಷ. ಮುಂದಿನ ಬೆಂಚಿನ ಗೋಡೆ ಪಕ್ಕ ಅವಳ ಜಾಗ. ಲೆಕ್ಕ ಬಿಡಿಸಿದ ಮೇಲೆ ಉತ್ತರವನ್ನು ತಿರುಗಿ ಹಾಕಿ ತಾಳೆ ನೋಡುವ ಅಭ್ಯಾಸ ಇಡೀ ತರಗತಿಯಲ್ಲಿ ಅವಳೊಬ್ಬಳಿಗೇ ಇತ್ತು. ಬಿ.ಎಡ್. ಮಾಡಿ ಟೀಚರ್ ಆಗಬೇಕೆಂದಿದ್ದಳು. ಅವರಪ್ಪ ಒಪ್ಪಿದ್ದು ಒಂದು ಕರಾರಿನ ಮೇಲೆ: ಡಿಗ್ರಿ ಒಂದೇ ಸಲಕ್ಕೆ ಮುಗಿಸಿದರೆ ಮುಂದಕ್ಕೆ, ಇಲ್ಲದಿದ್ದರೆ ಇಲ್ಲ. ಹಿಂದಿನ ಮಳೆಗಾಲದಲ್ಲಿ ಕಾಮಾಲೆಯಾಗಿ ಎರಡು ತಿಂಗಳು ಮಲಗಿಬಿಟ್ಟಳು. ತಿರುಗಿ ಬಂದಾಗ ಕಣ್ಣ ಬಿಳಿಯಲ್ಲಿ ಇನ್ನೂ ಹಳದಿ ಇತ್ತು. ಶೇಕಡಾ ಎಪ್ಪತ್ತೈದು ಹಾಜರಿ ಇರಬೇಕಾದಲ್ಲಿ ಅವಳದು ಸ್ವಲ್ಪ ಕಡಿಮೆ ಬೀಳುತ್ತಿತ್ತು. ಪ್ರಾಂಶುಪಾಲರು ಡಾಕ್ಟರ ಚೀಟಿ ನೋಡಿ ಹತ್ತು ಪರ್ಸೆಂಟ್ ಮನ್ನಾ ಮಾಡಿ, ತಮ್ಮ ಕೈಯಾರೆ ಷರಾ ಬರೆದಿದ್ದರು: 10% condoned. ರುದ್ರಪ್ಪನವರು ಓದಿದರು, ನಾನು ಹಾಗೇ ಒತ್ತಿದೆ.

ಪಟ್ಟಿ ಕಳಿಸುವ ಕೊನೆಯ ದಿನ ಮಧ್ಯಾಹ್ನ ಅಚ್ಚು ಹಾಕಿಸಿದೆವು. ಬೆಳಿಗ್ಗೆಯಿಂದ ಕರೆಂಟು ಹೋಗಿ ಬಂದು ಮಾಡುತ್ತಿತ್ತು. ಎರಡೂವರೆಗೆ ಮತ್ತೊಮ್ಮೆ ಹೋಗಿ ಬಂದಾಗ ಪ್ರಿಂಟರ್ ಕರಕರ ಎನ್ನುತ್ತಾ ಕಾಗದ ಕಕ್ಕತೊಡಗಿತು. ರುದ್ರಪ್ಪನವರು ಕಾಗದದ ಅಂಚಿನ ತೂತುಪಟ್ಟಿ ಹರಿಯುತ್ತಾ ಓದುತ್ತಿದ್ದವರು ಗಕ್ಕನೆ ನಿಂತು ನಕ್ಕರು.

“ಮೇಡಂ, ನೋಡ್ಬನ್ನಿ ಇಲ್ಲಿ. ನಿಮ್ ಕಂಪ್ಯೂಟ್ರೂ ಲಿಂಗಧಾರಣೆ ಮಾಡಿಸ್ಕೊಂಡೈತೆ!”

ಗಿರಿಜೆಯ ಸಾಲಿನಲ್ಲಿ ಹತ್ತು ಎಂಬ ಅಂಕಿಯ ಪಕ್ಕ ಮೂರು ಪುಟ್ಟ ಅಡ್ಡಗೆರೆಗಳು ಬಿದ್ದಿದ್ದವು, ಒಂದರ ಕೆಳಗೊಂದು. ನೆಟ್ಟಗೆ ಹಣೆಯ ಮೇಲೆ ಎಳೆದ ವಿಭೂತಿಯೇ.

“ಎಷ್ಟಾದ್ರೂ ನಮ್ಮೂರ ನೀರು ಕುಡಿದದೆ ಕಣ್ರೀ,” ಎಂದರು ಅವರು. ಅಟೆಂಡರ್ ಬಂದು ನೋಡಿ ನಕ್ಕ. ಪ್ರಾಂಶುಪಾಲರೂ ಕನ್ನಡಕ ಏರಿಸಿ, “ಹಾಲ್ಕುರಿಕೆ ಮಠದ ಪ್ರಭಾವ ಇರಬೇಕು,” ಎಂದರು. ನಾನೂ ನಕ್ಕೆ. ಕರೆಂಟಿನ ಏಟಿಗೆ ಪ್ರಿಂಟರ್ ತಪ್ಪಿರಬೇಕು ಅಂದುಕೊಂಡೆ. ಅಂಚೆಗೆ ಹೊತ್ತಾಗುತ್ತಿತ್ತು. ರುದ್ರಪ್ಪನವರು ಬಿಳಿ ಬಣ್ಣ ಸವರಿ ವಿಭೂತಿ ಅಳಿಸಿ, ಶೇಕಡಾ ಚಿಹ್ನೆಯನ್ನೂ ಬಿಟ್ಟುಹೋಗಿದ್ದ ಒಂದು ಅಕ್ಷರವನ್ನೂ ಪೆನ್ನಿನಲ್ಲಿ ಮುದ್ದಾಗಿ ತಿದ್ದಿದರು. ಪ್ರಾಂಶುಪಾಲರು ಪುಟ ಪುಟಕ್ಕೂ ಸಹಿ ಹಾಕಿದರು. ನಾಲ್ಕು ಗಂಟೆಗೆ ಪಟ್ಟಿ ರಿಜಿಸ್ಟರ್ಡ್ ಅಂಚೆಯಲ್ಲಿ ಹೋಯಿತು. ಅದರ ಕಾರ್ಬನ್ ಪ್ರತಿ ಸೂಚನಾ ಫಲಕಕ್ಕೆ ಬಿತ್ತು.

ಮಾರನೆಯ ದಿನ ಗಿರಿಜೆ ಕಂಪ್ಯೂಟರ್ ಕೋಣೆಯ ಬಾಗಿಲಿಗೆ ಬಂದಳು. ಚಪ್ಪಲಿ ಬಿಟ್ಟು, ಪರದೆ ಹಿಡಿದುಕೊಂಡು ನಿಂತಳು.

“ಮೇಡಂ, ನನ್ ಹಾಜರಿ ಐವತ್ತೆಂಟು ಅಂತ ಬಂದೈತೆ. ನಾನು ನೂರರವತ್ತೈದು ಕ್ಲಾಸಿಗೆ ಬಂದಿದೀನಿ. ಬರ್ಕೊಂಡಿದೀನಿ ಮೇಡಂ, ಕಾಯ್ಲೆಯಿಂದ ಎದ್ದ ಮೇಲೆ ದಿನಾ ಬರ್ಕೊಂಡಿದೀನಿ.”

“ರಿಜಿಸ್ಟರ್ ನೋಡಿ ನಾನೇ ಒತ್ತಿದ್ದು ಕಣಮ್ಮ.”

“ಹಂಗಲ್ಲ ಮೇಡಂ. ನೂರರವತ್ತೈದು ಅಲ್ಲೇ ಐತೆ. ಪಕ್ಕದ ಕಾಲಂನಾಗೆ ಐತೆ. ನಡೆದ ಕ್ಲಾಸು ಅನ್ನೋ ಕಡೆ. ಬಂದು ನೋಡ್ರಿ ಒಂದ್ಸಲ.”

ಫಲಕದವರೆಗೆ ಹೋದೆ. ನಿಜ, ನಡೆದ ತರಗತಿ ನೂರ ಅರವತ್ತೈದು, ಹಾಜರಾದದ್ದು ಐವತ್ತೆಂಟು ಎಂದಿತ್ತು. ಬೇರೆ ಬೇರೆ ವಿಷಯದವರಿಗೆ ನಡೆದ ತರಗತಿಗಳೂ ಬೇರೆ ಬೇರೆ ಇರುತ್ತಿದ್ದವು. ಹಾಗಾಗಿ ಅದು ನನ್ನ ಕಣ್ಣಿಗೆ ಅಷ್ಟಾಗಿ ಚುಚ್ಚಲಿಲ್ಲ. ಸುತ್ತ ಐದಾರು ಹುಡುಗರು ನಿಂತಿದ್ದರು. ಅವರೆದುರಿಗೆ ಹುಡುಗಿಯೊಬ್ಬಳು ನನ್ನ ಕೆಲಸಕ್ಕೆ ಬೆರಳು ತೋರಿಸುತ್ತಿದ್ದಾಳೆ ಎಂಬುದೇ ಹೆಚ್ಚು ಚುಚ್ಚಿತು.

“ಮುನ್ನೂರು ಜನಕ್ಕೆ ಸರಿಯಾಗಿ ಹಾಕಿರೋ ಯಂತ್ರಕ್ಕೆ ನಿನ್ನೊಬ್ಬಳ ಮೇಲೆ ದ್ವೇಷವೇನೇ?” ಎಂದೆ.

ಯಾರೋ ಹಿಂದಿನಿಂದ ಕಿಸಕ್ಕೆಂದ. ಗಿರಿಜೆ ತಲೆ ತಗ್ಗಿಸಿದಳು. ಕೈಯಲ್ಲಿ ಒಂದು ಸಣ್ಣ ನೋಟ್‌ಬುಕ್ಕು ಇತ್ತು. ಅದನ್ನು ತೆರೆಯಲೇ ಇಲ್ಲ.

ಆ ನೋಟ್‌ಬುಕ್ಕಿನ ರಟ್ಟಿನ ಬಣ್ಣ ಇವತ್ತಿಗೂ ನೆನಪಿದೆ, ಹಸಿರು.

ಆಮೇಲಿನ ಹತ್ತು ಹನ್ನೆರಡು ದಿನ ಪಾಠ ಮುಗಿಸುವ ಅವಸರದಲ್ಲಿ ಕಳೆದವು. ಗೋಡೆ ಪಕ್ಕದ ಜಾಗ ಖಾಲಿ ಇತ್ತು. ಬಿಸಿಲು ಏರುತ್ತಿತ್ತು, ಹೆಂಚು ಚಟಪಟ ಅನ್ನುತ್ತಿತ್ತು. ಮಾತಾಡಿದ್ದು ಅತಿಯಾಯಿತೇನೋ ಎಂದು ನಡುನಡುವೆ ಅನ್ನಿಸಿದರೂ ಮಾತಿನದು ಅಷ್ಟೇ, ಲೆಕ್ಕ ಸರಿಯೇ ಎಂದು ಸಮಾಧಾನ ಮಾಡಿಕೊಳ್ಳುತ್ತಿದ್ದೆ.

ಒಂದು ಭಾನುವಾರ ಬೆಳಿಗ್ಗೆ ಗೌರಮ್ಮ ಅಟ್ಟದಿಂದ ಕಾಯಿ ಇಳಿಸುತ್ತಿದ್ದರು. ಇಲ್ಲಿಯ ಉಂಡೆ ಕೊಬ್ಬರಿ ಬಿಸಿಲಿಗೆ ಹಾಕಿ ಒಣಗಿಸುವಂಥದ್ದಲ್ಲ. ಬಲಿತ ಕಾಯಿಯನ್ನು ಸಿಪ್ಪೆ ಸಮೇತ ಹತ್ತು ಹನ್ನೊಂದು ತಿಂಗಳು ಅಟ್ಟದಲ್ಲಿ ಹಾಕಿಟ್ಟರೆ ಒಳಗಿನ ನೀರು ತಾನೇ ಆರಿ, ಕೊಬ್ಬರಿ ಚಿಪ್ಪನ್ನು ಬಿಟ್ಟು ಉಂಡೆಯಾಗುತ್ತದೆ. ಇಳಿಸಿದ ಕಾಯನ್ನು ಗೌರಮ್ಮ ಒಂದೊಂದಾಗಿ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಿದ್ದರು. ಲೊಟಲೊಟ ಅಂದರೆ ಬಿಟ್ಟಿದೆ, ಸುಲಿಯುವುದಕ್ಕೆ. ನೀರು ತುಳುಕಿದರೆ ಇನ್ನೂ ಆರಿಲ್ಲ, ಮತ್ತೆ ಅಟ್ಟಕ್ಕೆ. ಇವೆರಡೂ ಕೇಳದ ಕಾಯಿಗಳನ್ನು ಕಂಬದ ಪಕ್ಕ ಬೇರೆಯಾಗಿ ಇಡುತ್ತಿದ್ದರು. ನಾನೂ ಸೆರಗು ಸಿಕ್ಕಿಸಿ ಕೂತೆ.

“ಇದರಲ್ಲಿ ಏನೂ ಕೇಳಿಸ್ತಿಲ್ಲ,” ಎಂದು ಒಂದು ಕಾಯಿ ತೋರಿಸಿದೆ. “ಸುಲಿಯೋದಕ್ಕೆ ಹಾಕಲಾ?”

“ಬುಡ್ತು ಅನ್ನಿ ಮೇಡಮ್ಮ. ಒಳಗೇನೈತೋ ನಿಮಗೆ ಗೊತ್ತಾ? ಗೊತ್ತಾಗ್ದಿದ್ದನ್ನ ಒಳ್ಳೇದರ ಜೊತೆ ಸೇರಿಸ್ಬಾರ್ದು, ಹಂಗಂತ ಎಸೀಲೂಬಾರ್ದು. ಕಂಬದ ತಾವ ಇಡಿ. ಆಮೇಲೆ ಒಂದೊಂದೇ ನೋಡಾನ.”

ಇನ್ನೊಂದು ಕಾಯಿ ಎತ್ತಿದೆ. ಸಿಪ್ಪೆಯ ಮೇಲೆ ಇಲಿ ಹಲ್ಲಿನ ಸಾಲು ಸಾಲು ಗೀರು. “ನೋಡಿ, ಇಲಿ ಹೆಂಗೆ ರಂಗೋಲಿ ಬಿಟ್ಟಿದೆ,” ಎಂದು ನಕ್ಕೆ.

ಗೌರಮ್ಮ ನಗಲಿಲ್ಲ. ಕೈಯಿಂದ ಕಿತ್ತುಕೊಂಡು ತಿರುಗಿಸಿ ನೋಡಿದರು. ಹಿಂದುಗಡೆ ತೊಟ್ಟಿನ ಹತ್ತಿರ ತೂತು. “ಗೀರು ಕಂಡ ಮೇಲೆ ನಗ್ತಾ ಕೂರ್ತಾರಾ? ಇಲಿ ಒಳೀಕೆ ಹೋಗಿರೋದಕ್ಕೆ ತಾನೇ ಗೀರು ಬಿದ್ದಿರೋದು?”

ನನ್ನ ಕಣ್ಣಿಗೆ ಬಂದದ್ದು ಆ ಮೂರು ಗೆರೆ. ನಾವೆಲ್ಲ ನಕ್ಕೆವು, ಬಿಳಿ ಬಣ್ಣ ಹಚ್ಚಿದೆವು. ಒಳಗೆ ಏನು ಹೋಗಿದೆಯೆಂದು ಯಾರೂ ತಿರುಗಿಸಿ ನೋಡಲಿಲ್ಲ.

ಅಟೆಂಡರನ ಮನೆಗೆ ಹೋಗಿ ಬೀಗದ ಕೈ ಇಸಿದುಕೊಂಡು ಕಾಲೇಜಿಗೆ ನಡೆದೆ. ಕಂಪ್ಯೂಟರ್ ಕೋಣೆಯ ಗೋಡೆಗೆ ಒಂದು ಪಟ್ಟಿ ಅಂಟಿಸಿದ್ದರು, ಯಂತ್ರದೊಳಗೆ ಪ್ರತಿ ಅಕ್ಷರವೂ ಒಂದು ಅಂಕಿಯೇ ಆದ್ದರಿಂದ ಯಾವ ಅಂಕಿಗೆ ಯಾವ ಚಿಹ್ನೆ ಎಂದು. ಅದರಲ್ಲಿ ಬೆರಳಿಟ್ಟು ಹುಡುಕುತ್ತಾ ಹೋದೆ. ಮೂರು ಅಡ್ಡಗೆರೆ ಕಂಡಿತು. ಅದರ ಅಂಕಿ ಇನ್ನೂರ ನಲವತ್ತು. ಇನ್ನೂರ ನಲವತ್ತು, ಗಿರಿಜೆಯ ತರಗತಿಗೆ ಆ ವರ್ಷ ನಡೆದ ಪಾಠಗಳ ಸಂಖ್ಯೆ.

ಗಿರಿಜೆಯ ಸಾಲು ತೆಗೆದು ನೋಡಿದೆ. ಷರಾದಲ್ಲಿ ಶೇಕಡಾ ಚಿಹ್ನೆ ಇತ್ತು. ಅದರ ಮುಂದೆ ಯಂತ್ರ ಲೆಕ್ಕಕ್ಕಿಡದ ಒಂದು ಖಾಲಿ ಜಾಗ, ಆಮೇಲೆ condoned ಎಂಬುದರ c. ಪ್ರಾಂಶುಪಾಲರ ಮಾತನ್ನು ನಾನು ಮಾದರಿ ಸಾಲಿನೊಳಕ್ಕೆ ಹೊಲಿದಿದ್ದರಿಂದ, ಯಂತ್ರ ಅದನ್ನೂ ತುಂಬಬೇಕಾದ ಜಾಗವೆಂದೇ ತಿಳಿಯಿತು. ಇಲ್ಲಿ ಒಂದು ಅಕ್ಷರ ಬರಲಿ ಎಂದಿದ್ದಾರೆ ಅಂದುಕೊಂಡಿತು. ಕೈಗೆ ಸಿಕ್ಕ ಮೊದಲ ಸಂಖ್ಯೆ ಇನ್ನೂರ ನಲವತ್ತನ್ನು ಎತ್ತಿ ಗೆರೆಗಳಾಗಿ ಅಲ್ಲಿಟ್ಟಿತು. ನಡೆದ ತರಗತಿಯ ಜಾಗಕ್ಕೆ ಅವಳ ಹಾಜರಿ ನೂರ ಅರವತ್ತೈದು ಬಂತು. ಕೊನೆಯ ಜಾಗಕ್ಕೆ ಇಡುವುದಕ್ಕೆ ಕೊಟ್ಟದ್ದೇನೂ ಉಳಿದಿರಲಿಲ್ಲ. ಆದರೂ ಅದು ಬರಿದಾಗಿ ಬಿಡದೆ ತನ್ನ ನೆನಪಿನಲ್ಲಿ ಪಕ್ಕಕ್ಕೆ ಬಿದ್ದಿದ್ದ ಯಾವುದೋ ಅಂಕಿಯನ್ನು ಎತ್ತಿಟ್ಟಿತು. ಯಾವುದದು? ಪಟ್ಟಿಯ ಎಡತುದಿ ನೋಡಿದೆ. ಗಿರಿಜೆಯ ಕ್ರಮಸಂಖ್ಯೆ ಐವತ್ತೆಂಟು.

ಮುನ್ನೂರು ಜನರಲ್ಲಿ ಷರಾದೊಳಗೆ ಶೇಕಡಾ ಚಿಹ್ನೆ ಇದ್ದದ್ದು ಅವಳೊಬ್ಬಳಿಗೇ. ಅವಳು ಹೇಳಿದ್ದು ಅಕ್ಷರಕ್ಕೆ ಅಕ್ಷರ ನಿಜ. ಪಕ್ಕದ ಕಾಲಂನಲ್ಲಿಯೇ ಇತ್ತು.

ಸೋಮವಾರ ಪ್ರಾಂಶುಪಾಲರಿಗೆ ಹೇಳಿದೆ. ಅವರು ಫಲಕದಿಂದ ಪ್ರತಿ ತರಿಸಿ ಆ ಸಾಲು ನೋಡಿದರು. ಆಮೇಲೆ, “ನಾನೂ ನಕ್ಕೆನಲ್ಲಮ್ಮ,” ಎಂದರು. ‘ಕಂಪ್ಯೂಟರ್ ದೋಷದಿಂದ’ ಎಂದು ಪತ್ರ ಬರೆಸಿ ತಿದ್ದಿದ ಸಾಲು ಇಟ್ಟು ಸಹಿ ಮಾಡಿದರು. ಮರುದಿನ ನಾನೇ ಬೆಳಗಿನ ರೈಲು ಹಿಡಿದು ವಿಶ್ವವಿದ್ಯಾಲಯದ ಕಚೇರಿಗೆ ಹೋದೆ. ಅಲ್ಲಿದ್ದ ಅಧಿಕಾರಿ ಎರಡೂ ಪಟ್ಟಿಗಳನ್ನು ಪಕ್ಕ ಪಕ್ಕ ಇಟ್ಟು ನೋಡಿ, “ಅದೂ ನಿಮ್ಮ ಕಾಲೇಜಿಂದೇ, ಇದೂ ನಿಮ್ಮ ಕಾಲೇಜಿಂದೇ. ಸಹಿನೂ ಒಂದೇ. ನಾವು ಯಾವುದನ್ನಮ್ಮ ನಂಬೋದು?” ಎಂದರು. ಬೈಯಲಿಲ್ಲ. ಅವರ ಜಾಗದಲ್ಲಿ ನಾನಿದ್ದರೂ ಅದನ್ನೇ ಕೇಳುತ್ತಿದ್ದೆ. ಮೂಲ ರಿಜಿಸ್ಟರ್ ತನ್ನಿ ಎಂದರು. ತಂದೆ. ಕಡತ ಮೇಲಿನವರಿಗೆ ಹೋಗಬೇಕು ಎಂದರು. ಹೋಯಿತು. ಮೂರು ಸಲ ಆ ರೈಲಿನಲ್ಲಿ ಓಡಾಡಿದೆ. ಅನುಮತಿಯ ತಂತಿ ಬರುವ ಹೊತ್ತಿಗೆ ಎರಡು ಪತ್ರಿಕೆಗಳ ಪರೀಕ್ಷೆ ಮುಗಿದುಹೋಗಿತ್ತು.

ಮೂರನೆಯ ಪತ್ರಿಕೆಯ ದಿನ ಗಿರಿಜೆ ಬಂದು ಬರೆದಳು. ಅವರಪ್ಪ ಗೇಟಿನ ಹೊರಗೆ ಹುಣಸೆಮರದ ಕೆಳಗೆ ಟವೆಲ್ಲು ಹಾಸಿ ಕೂತಿದ್ದರು. ಹತ್ತಿರ ಹೋಗಿ ಮಾತಾಡಿಸಬೇಕೆಂದು ಎರಡು ಸಲ ಹೊರಟು ಎರಡು ಸಲವೂ ತಿರುಗಿ ಬಂದೆ. ಬಿಟ್ಟುಹೋದ ಎರಡು ಪತ್ರಿಕೆಗಳನ್ನು ಅಕ್ಟೋಬರಿನಲ್ಲಿ ಬರೆದಳು. ಅಷ್ಟರಲ್ಲಿ ಬಿ.ಎಡ್. ಅರ್ಜಿಯ ದಿನ ಕಳೆದಿತ್ತು. ಒಂದೇ ಸಲಕ್ಕೆ ಎಂಬ ಅಪ್ಪನ ಕರಾರೂ ಮುರಿದಿತ್ತು.

ಆ ಮಳೆಗಾಲವೆಲ್ಲ ನಾನು ಪ್ರೋಗ್ರಾಂ ತಿದ್ದುತ್ತಾ ಕಳೆದೆ. ಹೊರಗಿನವರ ಮಾತನ್ನು ಮಾದರಿ ಸಾಲಿಗೆ ಹೊಲಿಯುವುದನ್ನು ಮೊದಲು ನಿಲ್ಲಿಸಿದೆ. ಮಾತು ಯಾರದೇ ಇರಲಿ, ಅದು ತುಂಬುವ ಪದಾರ್ಥವಾಗಿ %s ಎಂಬ ತನ್ನ ಜಾಗಕ್ಕೇ ಬರಬೇಕು. ಆಮೇಲೆ ಒಂದು ಕಾವಲು ಬರೆದೆ. ಮಾದರಿ ಸಾಲಿನಲ್ಲಿ ಶೇಕಡಾ ಚಿಹ್ನೆಗಳೆಷ್ಟು, ತುಂಬಲು ಕೊಟ್ಟವೆಷ್ಟು ಎಂದು ಎಣಿಸಿ, ಮುಂದಿನ ಅಕ್ಷರ ತನಗೆ ಗೊತ್ತಿರುವುದೇ ಎಂದು ನೋಡಿ, ಆಮೇಲೆ ಅಚ್ಚಿಗೆ ಬಿಡಬೇಕು. ಮೊದಲು ಬರೆದ ಕಾವಲು ಗೊತ್ತಿಲ್ಲದ್ದೇನಾದರೂ ಕಂಡರೆ ಇಡೀ ಪಟ್ಟಿಯನ್ನೇ ನಿಲ್ಲಿಸಿಬಿಡುತ್ತಿತ್ತು. ಕಿರುಪರೀಕ್ಷೆಯ ಅಂಕಪಟ್ಟಿ ತೆಗೆಯುವಾಗ ಏಳನೆಯ ಸಾಲಿಗೇ ಅದು ನಿಂತಾಗ ರುದ್ರಪ್ಪನವರು, “ಇದಕ್ಕಿಂತ ನನ್ ಟೈಪ್ ಮಿಷಿನ್ನೇ ವಾಸಿ ಕಣ್ರೀ. ಒಬ್ಬನ ತಪ್ಪಿಗೆ ಊರಿಗೆಲ್ಲ ಉಪವಾಸ ಹಾಕಿದಂಗಾಯ್ತು,” ಎಂದರು. ಆಗ ಕಂಬದ ಪಕ್ಕದ ಕಾಯಿಗಳು ನೆನಪಾದವು. ತಿದ್ದಿ ಬರೆದೆ: ಮಾದರಿ ಸಾಲಿನಲ್ಲಾಗಲಿ ಷರಾದಲ್ಲಾಗಲಿ ಗೊತ್ತಿಲ್ಲದ ಚಿಹ್ನೆ ಕಂಡರೆ ಅರ್ಥ ಊಹಿಸಬೇಡ, ಅಳಿಸಲೂ ಬೇಡ, ಇದ್ದದ್ದನ್ನು ಇದ್ದ ಹಾಗೇ ಅಚ್ಚು ಹಾಕು, ಅಂಚಿನಲ್ಲಿ ಒಂದು ಚುಕ್ಕಿ ಇಡು, ಉಳಿದವರ ಸಾಲು ನಡೆಯಲಿ, ಕೊನೆಯಲ್ಲಿ ಇಂತಿಂಥ ಸಾಲುಗಳನ್ನು ಮನುಷ್ಯರು ನೋಡಬೇಕು ಎಂದು ಬೇರೆ ಪುಟ ಕೊಡು.

ಚಳಿಗಾಲ ಶುರುವಾದ ಮೇಲೆ ಒಂದು ಮಧ್ಯಾಹ್ನ ಗಿರಿಜೆ ಅಂಕಪಟ್ಟಿ ಒಯ್ಯಲು ಬಂದಳು. ಕಚೇರಿಯಲ್ಲಿ ರುಜು ಮಾಡಿ ಹೋಗುತ್ತಿದ್ದವಳನ್ನು ನಾನೇ ಒಳಗೆ ಕರೆದೆ. ಮೊದಲಿನ ಹಾಗೆಯೇ ಚಪ್ಪಲಿ ಬಿಟ್ಟು, ಪರದೆ ಹಿಡಿದು ನಿಂತಳು. ಊರಿನಲ್ಲಿ ಹುಡುಗರಿಗೆ ಲೆಕ್ಕ ಹೇಳಿಕೊಡುತ್ತಿದ್ದಾಳಂತೆ. “ಬಿ.ಎಡ್.?” ಎಂದೆ.

“ಈಗ್ಯಾಕೆ, ಬುಡು ಅಂದ್ರು ಅಪ್ಪ.”

ಅವಳದೇ ಸಾಲನ್ನು ಹಾಕಿ ಹೊಸ ಪ್ರೋಗ್ರಾಂ ಓಡಿಸಿದೆ. ಪ್ರಿಂಟರ್ ಒಂದೇ ಒಂದು ಸಾಲು ಬರೆದು ನಿಂತಿತು. ಹತ್ತು ಪರ್ಸೆಂಟ್ ಮನ್ನಾ, ನಡೆದದ್ದು ಇನ್ನೂರ ನಲವತ್ತು, ಹಾಜರಾದದ್ದು ನೂರ ಅರವತ್ತೈದು. ಅಂಚಿನಲ್ಲಿ ಒಂದು ಚುಕ್ಕಿ. ಕಾಗದ ಹರಿದು ಅವಳ ಕೈಗೆ ಕೊಟ್ಟೆ. ಅವಳು ಅಂಕಿಗಳ ಮೇಲೆ ಬೆರಳಾಡಿಸಿದಳು, ಎಡದಿಂದ ಬಲಕ್ಕೆ, ಮತ್ತೆ ಬಲದಿಂದ ಎಡಕ್ಕೆ.

“ಕಂಪ್ಯೂಟರ್ ದೋಷ ಅಂತ ಬರೆದಿದ್ರಂತಲ್ಲ ಮೇಡಂ. ಏನ್ ದೋಷ ಮಾಡಿತ್ತು ಇದು?”

ಆ ಕಾಲದಲ್ಲಿ ಮೇಷ್ಟರುಗಳು ವಿದ್ಯಾರ್ಥಿಗಳಿಗೆ ತಪ್ಪಾಯಿತು ಎನ್ನುತ್ತಿರಲಿಲ್ಲ.

“ಅದು ಮಾಡಿದ್ದಲ್ಲ ಗಿರಿಜಾ. ಬರೆದವಳು ನಾನು. ಅದೂ ಹೋಗಲಿ, ನೀನು ಪಕ್ಕದ ಕಾಲಂ ತೋರಿಸಿದೆಯಲ್ಲ, ನೂರರವತ್ತೈದು ನನ್ನ ಕಣ್ಣಿಗೆ ಕಂಡಿತ್ತು. ಕಂಡೂ ನಿನಗೆ ಹಾಗಂದೆ.”

ಕಾಗದವನ್ನೇ ನೋಡುತ್ತಿದ್ದಳು. ಹೊರಗೆ ಗಂಟೆ ಹೊಡೆಯಿತು, ಹುಡುಗರು ಕೂಗಾಡುತ್ತಾ ಇಳಿದುಹೋದರು. ಸದ್ದು ಅಡಗಿದ ಮೇಲೆ ಅಂಚಿನ ಚುಕ್ಕಿಯ ಮೇಲೆ ಬೆರಳಿಟ್ಟು ಕೇಳಿದಳು.

“ಇದ್ಯಾಕೆ ಮೇಡಂ?”

“ಇದು ಯಂತ್ರಕ್ಕೆ ಗೊತ್ತಾಗದ ಸಾಲು ಅಂತ ಗುರುತು. ಚುಕ್ಕಿ ಬಿದ್ದರೆ ಕಳಿಸೋ ಮುಂಚೆ ಆ ಹುಡುಗರನ್ನ ಕರೆದು ಕೇಳಬೇಕು.”

ಗಿರಿಜೆ ಕಾಗದವನ್ನು ನಾಲ್ಕಾಗಿ ಮಡಿಚಿ ಅಂಕಪಟ್ಟಿಯ ಲಕೋಟೆಯೊಳಗೆ ಇಟ್ಟಳು. ನಾಲ್ಕೂವರೆಯ ಹಾಲ್ಕುರಿಕೆ ಬಸ್ಸಿಗೆ ಹೊತ್ತಾಗಿತ್ತು. ಹೊಸ್ತಿಲಾಚೆ ಚಪ್ಪಲಿ ಮೆಟ್ಟಿಕೊಳ್ಳುತ್ತಾ ತಿರುಗಿ ನೋಡಿದಳು.

“ಕೇಳ್ರಿ ಮೇಡಂ,” ಎಂದಳು. “ಕೇಳ್ರಿ.”